ಚಹಾ ರೋಗಾಣು ಕೊಲ್ಲುತ್ತದೆ ಅಂದಮೇಲೆ ಆಂಟಿಬಯೋಟಿಕ್ ಯಾಕೆ ಬೇಕು?

ಓದುಗರ ಪ್ರಶ್ನೆ: ಗ್ರೀನ್ ಟೀಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇದೆ ಎಂದು ಬಹಳ ಕಡೆ ಓದಿದ್ದೇನೆ. ಬೆಳ್ಳುಳ್ಳಿ, ಅರಿಶಿನ, ಲವಂಗದ ಬಗ್ಗೆಯೂ ಇದೇ ಮಾತು ಕೇಳುತ್ತೇನೆ. ಹಾಗಿದ್ದರೆ ಗಂಟಲು ನೋವೋ, ಸಣ್ಣಪುಟ್ಟ ಸೋಂಕೋ ಬಂದಾಗ ಆಂಟಿಬಯೋಟಿಕ್ ನುಂಗುವ ಬದಲು ಇವನ್ನೇ ಜಾಸ್ತಿ ತೆಗೆದುಕೊಂಡರೆ ಸಾಕಲ್ವಾ?

ಉತ್ತರ: ಸಾಲದು. ಇದನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಕೆಲವು ಸೋಂಕುಗಳಿಗೆ ಸರಿಯಾದ ಔಷಧಿ ತಡವಾದರೆ ದೊಡ್ಡ ತೊಂದರೆಯಾಗುತ್ತದೆ, ಅದಕ್ಕೆ.

ಆದರೆ ನೀವು ಓದಿದ್ದು ಸುಳ್ಳೇನಲ್ಲ. ಚಹಾ ಎಲೆಯಲ್ಲಿರುವ ಕೆಲವು ವಸ್ತುಗಳು ಬ್ಯಾಕ್ಟೀರಿಯಾಗಳನ್ನು ನಿಜವಾಗಿಯೂ ಕೊಲ್ಲುತ್ತವೆ. ಬೆಳ್ಳುಳ್ಳಿಯಲ್ಲಿ, ಲವಂಗದಲ್ಲಿ ಇರುವವೂ ಕೊಲ್ಲುತ್ತವೆ. ಪ್ರಯೋಗಾಲಯಗಳಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. ಆದರೆ "ಕೊಲ್ಲುತ್ತದೆಯೇ?" ಎಂಬಲ್ಲಿಗೆ ಪ್ರಶ್ನೆ ನಿಲ್ಲಿಸಿದರೆ ಅರ್ಧವೇ ಕೇಳಿದಂತೆ. ಎಷ್ಟಿದ್ದರೆ ಕೊಲ್ಲುತ್ತದೆ? ಅಷ್ಟೂ ರೋಗಾಣು ಇರುವ ಜಾಗಕ್ಕೆ ಹೋಗಿ ಮುಟ್ಟುತ್ತದೆಯೇ? ಮುಟ್ಟಿದರೂ ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ? ಉಳಿದ ಅರ್ಧ ಇದು. ಗಿಡಮೂಲಿಕೆಗಳ ಬಗ್ಗೆ ಬರುವ ಬಹುಪಾಲು ಸುದ್ದಿಗಳು ಈ ಅರ್ಧವನ್ನು ಬಿಟ್ಟೇ ಬರೆಯುತ್ತವೆ.

ಎಲೆಯೊಳಗೆ ಏನಿದೆ

ಗ್ರೀನ್ ಟೀ, ಬ್ಲ್ಯಾಕ್ ಟೀ, ಊಲಾಂಗ್ ಎಲ್ಲವೂ ಒಂದೇ ಗಿಡದ ಎಲೆ. ವೈಜ್ಞಾನಿಕ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಕಿತ್ತ ಎಲೆಯನ್ನು ಬೇಗನೆ ಬಿಸಿ ಮಾಡಿದರೆ ಅದರೊಳಗಿನ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಆಗ ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳು (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು) ಹಾಗೇ ಉಳಿಯುತ್ತವೆ. ಅದೇ ಗ್ರೀನ್ ಟೀ. ಎಲೆಯನ್ನು ಜಜ್ಜಿ ಗಾಳಿಗೆ ಬಿಟ್ಟರೆ ಅದೇ ಕಿಣ್ವಗಳು ಕ್ಯಾಟೆಚಿನ್‌ಗಳನ್ನು ಥಿಯಾಫ್ಲೇವಿನ್, ಥಿಯಾರುಬಿಗಿನ್ ಎಂಬ ದೊಡ್ಡ ಅಣುಗಳಾಗಿ ಬದಲಾಯಿಸುತ್ತವೆ. ಅದು ಬ್ಲ್ಯಾಕ್ ಟೀ. ಅದರ ಕೆಂಪು, ಕಂದು ಬಣ್ಣ ಬರುವುದೂ ಇವುಗಳಿಂದಲೇ. ಎರಡರಲ್ಲೂ ರೋಗಾಣು ತಡೆಯುವ ಗುಣ ಇದೆ. ಹೆಚ್ಚು ಅಧ್ಯಯನ ಆಗಿರುವುದು ಮಾತ್ರ ಗ್ರೀನ್ ಟೀಯ ಕ್ಯಾಟೆಚಿನ್‌ಗಳ ಮೇಲೆ. ಅದರಲ್ಲೂ ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್ ಎಂಬ ಒಂದರ ಮೇಲೆ. ಹೆಸರು ಉದ್ದವಾಯಿತು, ಎಲ್ಲರೂ ಇಜಿಸಿಜಿ ಅನ್ನುತ್ತಾರೆ. ಗ್ರೀನ್ ಟೀಯ ಕ್ಯಾಟೆಚಿನ್‌ಗಳಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಇದರದ್ದೇ.

ಗಿಡ ಇದನ್ನೆಲ್ಲ ನಮಗಾಗಿ ಮಾಡಿಕೊಳ್ಳುವುದಿಲ್ಲ. ಎಲೆಯ ಮೇಲೆ ದಿನವೂ ಶಿಲೀಂಧ್ರ, ಬ್ಯಾಕ್ಟೀರಿಯಾ, ಹುಳುಗಳ ದಾಳಿ ನಡೆಯುತ್ತಲೇ ಇರುತ್ತದೆ. ನಮ್ಮ ರಕ್ತದಲ್ಲಿ ಓಡಾಡುವ ಬಿಳಿ ರಕ್ತಕಣಗಳಂಥವು ಗಿಡಕ್ಕಿಲ್ಲ. ಅದಕ್ಕೇ ಅದು ರಾಸಾಯನಿಕಗಳನ್ನು ನಂಬಿಕೊಂಡಿದೆ. ಕೆಲವನ್ನು ಮೊದಲೇ ಮಾಡಿ ಎಲೆಯಲ್ಲಿ, ತೊಗಟೆಯಲ್ಲಿ ಇಟ್ಟುಕೊಂಡಿರುತ್ತದೆ. ಇನ್ನು ಕೆಲವನ್ನು ದಾಳಿ ಆದಮೇಲೆ, ಆದ ಜಾಗದಲ್ಲೇ ತಯಾರಿಸುತ್ತದೆ. ಆ ಜಾಗದಲ್ಲಿ ಅವುಗಳ ಸಾಂದ್ರತೆ ತುಂಬಾ ಜಾಸ್ತಿ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಹಾದ ಈ ಗುಣ ಹೊಸದಾಗಿ ಗೊತ್ತಾದದ್ದೂ ಅಲ್ಲ. ಬ್ರಿಟಿಷ್ ಸೇನೆಯ ವೈದ್ಯ ಮೆಕ್‌ನಾಟ್ 1906ರಲ್ಲೇ ಟೈಫಾಯಿಡ್ ಬ್ಯಾಕ್ಟೀರಿಯಾವನ್ನು ಚಹಾದಲ್ಲಿ ಹಾಕಿ ಪರೀಕ್ಷೆ ಮಾಡಿದ್ದರು. ಅವು ಸಾಯುವುದನ್ನು ಕಂಡು, ಸೈನಿಕರ ನೀರಿನ ಬಾಟಲಿಗಳಿಗೆ ಚಹಾ ತುಂಬಿಸುವುದು ಒಳ್ಳೆಯದು ಎಂದು ಸೂಚಿಸಿದರು. ಇನ್ನೂ ಆಂಟಿಬಯೋಟಿಕ್‌ಗಳೇ ಇಲ್ಲದ ಕಾಲ ಅದು. ಪೆನಿಸಿಲಿನ್ ಕಣ್ಣಿಗೆ ಬಿದ್ದದ್ದು 1928ರಲ್ಲಿ.

ಕ್ಯಾಟೆಚಿನ್‌ಗಳು ಬ್ಯಾಕ್ಟೀರಿಯಾದ ಕೋಶಪೊರೆಗೆ ಹೋಗಿ ಅಂಟಿಕೊಳ್ಳುತ್ತವೆ. ಪೊರೆ ಹದಗೆಟ್ಟು ಒಳಗಿನದ್ದು ಸೋರುತ್ತದೆ. ಕೆಲವು ಕಿಣ್ವಗಳಿಗೂ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತವೆ. ಎಲ್ಲ ಬ್ಯಾಕ್ಟೀರಿಯಾಗಳ ಮೇಲೂ ಇದು ಒಂದೇ ತರಹ ನಡೆಯುವುದಿಲ್ಲ. ಚರ್ಮದ ಗಾಯ, ಕುರುಗಳಲ್ಲಿ ಕಾಣುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥವು ಸುಲಭವಾಗಿ ಬಗ್ಗುತ್ತವೆ. ಇವು ಗ್ರಾಂ ಪಾಸಿಟಿವ್ ಗುಂಪಿನವು. ಹೊಟ್ಟೆ ಮತ್ತು ಮೂತ್ರದ ಸೋಂಕು ತರುವ ಇ. ಕೋಲಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆ ಇರುತ್ತದೆ. ಕ್ಯಾಟೆಚಿನ್ ಅದನ್ನು ದಾಟಲು ಒದ್ದಾಡುತ್ತದೆ. ಹಾಗಾಗಿ ಅವನ್ನು ತಡೆಯಲು ಹಲವು ಪಟ್ಟು ಜಾಸ್ತಿ ಪ್ರಮಾಣ ಬೇಕು.

ಕಪ್ಪಿನಿಂದ ರಕ್ತಕ್ಕೆ

ಈಗ ಅಂಕಿಗಳನ್ನು ನೋಡೋಣ. ಇಡೀ ಉತ್ತರ ನಿಂತಿರುವುದು ಇದರ ಮೇಲೆ.

ಸ್ಟ್ಯಾಫಿಲೊಕಾಕಸ್ ಬೆಳೆಯದಂತೆ ತಡೆಯಲು ಪ್ರಯೋಗಾಲಯದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 50ರಿಂದ 100 ಮೈಕ್ರೋಗ್ರಾಂ ಇಜಿಸಿಜಿ ಬೇಕಾಗುತ್ತದೆ. ಒಂದು ಕಪ್ ಗ್ರೀನ್ ಟೀಯಲ್ಲಿ ಸಾಮಾನ್ಯವಾಗಿ 50ರಿಂದ 100 ಮಿಲಿಗ್ರಾಂ ಇಜಿಸಿಜಿ ಇರುತ್ತದೆ. ಕಪ್ 200 ಮಿಲಿಲೀಟರಿನದ್ದು ಅಂದುಕೊಂಡರೆ, ಒಂದು ಮಿಲಿಲೀಟರಿಗೆ 250ರಿಂದ 500 ಮೈಕ್ರೋಗ್ರಾಂ ಆಯಿತು. ಅಂದರೆ ಕಪ್ಪಿನಲ್ಲಿರುವ ಚಹಾಕ್ಕೆ ಸ್ಟ್ಯಾಫಿಲೊಕಾಕಸ್ ತಡೆಯುವ ಶಕ್ತಿ ಧಾರಾಳವಾಗಿ ಇದೆ. ಮೆಕ್‌ನಾಟ್ ತಪ್ಪು ನೋಡಿರಲಿಲ್ಲ.

ಆದರೆ ಚಹಾ ಕುಡಿದ ಮೇಲೆ ಏನಾಗುತ್ತದೆ? ಇಜಿಸಿಜಿ ಕರುಳಿನಿಂದ ರಕ್ತಕ್ಕೆ ಸೇರುವುದೇ ಬಲು ಕಡಿಮೆ. ಕರುಳಿನ ಕ್ಷಾರೀಯ ವಾತಾವರಣದಲ್ಲಿ ಅದು ಬೇಗ ಕೆಡುತ್ತದೆ. ಒಳಗೆ ಸೇರಿದ ಸ್ವಲ್ಪವನ್ನೂ ಯಕೃತ್ತು ಬೇರೆ ರೂಪಕ್ಕೆ ಬದಲಾಯಿಸಿ ಹೊರಗೆ ಕಳಿಸಲು ಶುರು ಮಾಡುತ್ತದೆ. ಉಳಿದದ್ದು ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಒಂದೆರಡು ಕಪ್ ಕುಡಿದ ಮೇಲೆ ರಕ್ತದಲ್ಲಿ ಕಾಣುವುದು ಮಿಲಿಲೀಟರಿಗೆ ಅರ್ಧ ಮೈಕ್ರೋಗ್ರಾಂಗಿಂತ ಕಡಿಮೆ. ಬೇಕಾದದ್ದರ ನೂರನೇ ಒಂದು ಪಾಲೂ ಅಲ್ಲಿಲ್ಲ. ಅದೂ ಕೆಲವೇ ಗಂಟೆ ಇದ್ದು ಇಳಿದುಹೋಗುತ್ತದೆ.

"ಹಾಗಾದರೆ ಹತ್ತು ಕಪ್ ಕುಡಿದರೆ?" ಎಂದು ಕೆಲವರು ಕೇಳುತ್ತಾರೆ. ಹತ್ತು ಕಪ್ಪಿನಿಂದ ನೂರು ಪಟ್ಟಿನ ಅಂತರ ತುಂಬುವುದಿಲ್ಲ. ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ನುಂಗಿ ತುಂಬಲು ಹೋದರೆ ಯಕೃತ್ತಿಗೇ ಪೆಟ್ಟು ಬೀಳಬಹುದು. ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಇದನ್ನು ಪರಿಶೀಲಿಸಿತು. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಇಜಿಸಿಜಿಯನ್ನು ಪೂರಕವಾಗಿ ತೆಗೆದುಕೊಂಡವರಲ್ಲಿ ಯಕೃತ್ತಿನ ಹಾನಿ ಸೂಚಿಸುವ ಕಿಣ್ವಗಳು ಏರಿದ್ದನ್ನು ಗುರುತಿಸಿತು. ಮಾಮೂಲಿಯಾಗಿ ಕುದಿಸಿ ಅಥವಾ ನೆನೆಸಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತ ಎಂದೇ ಅದು ಹೇಳಿತು. ಆದ್ದರಿಂದ ನನ್ನ ಮಾತು ಕ್ಯಾಪ್ಸೂಲಿನ ಬಗ್ಗೆ. ಸೋಂಕು ವಾಸಿಮಾಡಿಕೊಳ್ಳಲೆಂದು ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಬೇಡಿ.

ಗಿಡದ ವಿಷಯದಲ್ಲಿ ನೆನಪಿಡಿ ಎಂದಿದ್ದೆನಲ್ಲ, ಅದು ಇಲ್ಲಿಗೆ ಬಂತು. ಗಿಡ ತನ್ನ ರಾಸಾಯನಿಕವನ್ನು ದಾಳಿ ಆದ ಜಾಗದಲ್ಲೇ ಗಾಢವಾಗಿ ಬಳಸುತ್ತದೆ. ನಾವು ಅದನ್ನೇ ನುಂಗಿ, ಹೊಟ್ಟೆ, ಕರುಳು, ಯಕೃತ್ತು ದಾಟಿಸಿ, ಲೀಟರ್‌ಗಟ್ಟಲೆ ರಕ್ತದಲ್ಲಿ ತೆಳುಮಾಡಿ, ಶ್ವಾಸಕೋಶಕ್ಕೋ ಮೂತ್ರಪಿಂಡಕ್ಕೋ ತಲುಪಿಸಬೇಕು ಅಂತೀವಿ. ಇವತ್ತು ಆಸ್ಪತ್ರೆಗಳಲ್ಲಿ ಬಳಸುವ ಆಂಟಿಬಯೋಟಿಕ್‌ಗಳು ಹೆಚ್ಚಿನವು ಶಿಲೀಂಧ್ರ ಮತ್ತು ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಬಂದವು, ಇಲ್ಲವೇ ಪ್ರಯೋಗಾಲಯದಲ್ಲಿ ಕಟ್ಟಿದವು. ದೇಹವಿಡೀ ಹರಡಿದ ಬ್ಯಾಕ್ಟೀರಿಯಾ ಸೋಂಕಿಗೆ ನೇರ ಗಿಡದಿಂದ ಬಂದ ಔಷಧಿ ಚಿಕಿತ್ಸೆಯ ಮುಖ್ಯ ಸಾಲಿನಲ್ಲಿ ಇಲ್ಲ.

ಅಂದಹಾಗೆ, ಹಾಲಿನ ಪ್ರೋಟೀನ್‌ಗಳಿಗೂ ಕ್ಯಾಟೆಚಿನ್ ಅಂಟಿಕೊಳ್ಳುತ್ತದೆ. ಮೇಲಿನ ಲೆಕ್ಕ ಹಾಲಿಲ್ಲದ ಚಹಾದ್ದು.

ನೇರವಾಗಿ ತಾಗುವ ಜಾಗಗಳು

ಚಹಾ ತೆಳುವಾಗದೆ ನೇರವಾಗಿ ಮುಟ್ಟುವ ಮೊದಲ ಜಾಗ ಬಾಯಿ. ಹಲ್ಲು ಹುಳುಕಿಗೆ ಮುಖ್ಯ ಕಾರಣಗಳಲ್ಲಿ ಒಂದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಅದು ಸಕ್ಕರೆಯಿಂದ ಅಂಟು ತಯಾರಿಸಿಕೊಂಡು ಹಲ್ಲಿನ ಮೇಲೆ ಕಚ್ಚಿಕೊಳ್ಳುತ್ತದೆ. ಆ ಅಂಟು ಮಾಡುವ ಕಿಣ್ವಕ್ಕೆ ಚಹಾದ ಪಾಲಿಫಿನಾಲ್‌ಗಳು ಅಡ್ಡ ಬರುತ್ತವೆ. ಚಹಾ ಎಲೆಯಲ್ಲಿ ಫ್ಲೋರೈಡ್ ಕೂಡ ಇದೆ. ಹಾಗಾಗಿ ಹಲ್ಲಿನ ವಿಷಯದಲ್ಲಿ ಚಹಾಕ್ಕೆ ಸ್ವಲ್ಪ ಲಾಭ ಇರಬಹುದು ಎನ್ನಲು ಗಟ್ಟಿ ಕಾರಣಗಳಿವೆ. ಆದರೆ ಅದೇ ಕಪ್ಪಿಗೆ ಎರಡು ಚಮಚ ಸಕ್ಕರೆ ಹಾಕಿದರೆ ಆ ಬ್ಯಾಕ್ಟೀರಿಯಾಕ್ಕೆ ಊಟ ಬಡಿಸಿದಂತೆಯೇ. ಹಲ್ಲುಜ್ಜುವುದಕ್ಕೆ ಚಹಾ ಬದಲಿಯೂ ಅಲ್ಲ.

ಇನ್ನೊಂದು ಜಾಗ ಚರ್ಮ. ಇಲ್ಲಿ ಒಂದು ದೊಡ್ಡ ಯಶಸ್ಸು ಇದೆ, ಆದರೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗ್ರೀನ್ ಟೀ ಎಲೆಯಿಂದ ತೆಗೆದ ಕ್ಯಾಟೆಚಿನ್‌ಗಳ ಮುಲಾಮಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಒಪ್ಪಿಗೆ ಕೊಟ್ಟಿತು. ಮುಲಾಮಿನ ಹೆಸರು ವೆರೆಜೆನ್. ಎಚ್‌ಪಿವಿ ವೈರಸ್‌ನಿಂದ ಜನನಾಂಗದ ಹೊರಭಾಗದಲ್ಲಿ ಬರುವ ನರುಳ್ಳೆಗಳಿಗೆ ವೈದ್ಯರು ಬರೆದುಕೊಡುವ ಔಷಧಿ ಇದು. ಸಸ್ಯಮೂಲ ಔಷಧಿಗಳಿಗೆಂದೇ ಎಫ್‌ಡಿಎ ಮಾಡಿದ ನಿಯಮದಡಿ ಒಪ್ಪಿಗೆ ಪಡೆದ ಮೊದಲನೆಯದು. ಆದರೆ ಅದರ ಪ್ರಮಾಣ ಗಮನಿಸಿ: ಶೇಕಡಾ 15. ಕಪ್ಪಿನ ಚಹಾಕ್ಕಿಂತ ನೂರು ಪಟ್ಟಿಗೂ ಹೆಚ್ಚು ಗಾಢ. ಹಚ್ಚುವುದೂ ದಿನಕ್ಕೆ ಮೂರು ಸಲ, ವಾರಗಟ್ಟಲೆ. ಸಾಕಷ್ಟು ಪ್ರಮಾಣ, ಸರಿಯಾದ ಜಾಗ, ಸಾಕಷ್ಟು ಹೊತ್ತು, ಮೂರೂ ಕೂಡಿ ಬಂದಾಗ ಚಹಾ ಎಲೆ ಔಷಧಿಯಾಯಿತು. ಇದನ್ನು ಓದಿ ತಣ್ಣಗಾದ ಟೀ ಬ್ಯಾಗ್ ತೆಗೆದು ಗಾಯಕ್ಕೋ ಕೆಂಪಾದ ಕಣ್ಣಿಗೋ ಇಡಬೇಡಿ. ಅದು ಗಾಢವೂ ಅಲ್ಲ, ಶುದ್ಧವೂ ಅಲ್ಲ.

ಶುದ್ಧ ಅಲ್ಲ ಎಂದೆ, ಯಾಕೆ ಅಂದರೆ ಚಹಾ ಕೂಡ ಕೆಡುತ್ತದೆ. ಕುಡಿಯದೆ ಮರೆತ ಕಪ್ಪಿನ ಮೇಲೆ ಕೆಲವು ದಿನಗಳಲ್ಲಿ ಬೂಸ್ಟು ಹಿಡಿದದ್ದನ್ನು ನೀವೂ ನೋಡಿರಬಹುದು. ಒಣಗಿದ ಎಲೆಯಲ್ಲಿ ಸೂಕ್ಷ್ಮಜೀವಿಗಳೂ ಅವುಗಳ ಬೀಜಕಗಳೂ ಇರುತ್ತವೆ. ಬಿಸಿಲಲ್ಲಿಟ್ಟು ಉಗುರುಬೆಚ್ಚಗೆ ನೆನೆಸಿದ ಚಹಾದಲ್ಲಿ ಅವು ಬೆಳೆಯುವ ಅವಕಾಶ ಇದೆ. ನಿಜ ಹೇಳಬೇಕೆಂದರೆ, ಚಹಾ ಕುಡಿಯುವ ಅಭ್ಯಾಸ ಜನರನ್ನು ಹೊಟ್ಟೆಯ ರೋಗಗಳಿಂದ ಕಾಪಾಡಿದ್ದರೆ ಅದರ ದೊಡ್ಡ ಪಾಲು ಕುದಿಯುವ ನೀರಿಗೆ ಸೇರಬೇಕು. ನೀರು ಕುದಿಸಿದರೆ ಟೈಫಾಯಿಡ್, ಕಾಲರಾ, ಆಮಶಂಕೆಯ ಬ್ಯಾಕ್ಟೀರಿಯಾಗಳು ಎಲೆ ಹಾಕುವ ಮೊದಲೇ ಸತ್ತಿರುತ್ತವೆ.

ಇನ್ನು ನೀವು ಕೇಳಿದ ಗಂಟಲು. ಇದು ಬಾಯಿಯ ಹಾಗೆ ಚಹಾ ತಾಗುವ ಜಾಗವೇ. ಆದರೆ ತಾಗುವುದು ಕೆಲವು ಸೆಕೆಂಡು ಮಾತ್ರ, ಸೋಂಕು ಇರುವುದು ಅಂಗಾಂಶದ ಒಳಗೆ. ಚಹಾದಿಂದ ಬಾಯಿ ಮುಕ್ಕಳಿಸಿದರೆ ಫ್ಲೂ ಬರುವುದು ತಪ್ಪುತ್ತದೆಯೇ ಎಂದು ಜಪಾನಿನಲ್ಲಿ 757 ಹೈಸ್ಕೂಲ್ ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಯಿತು. ಒಂದು ಗುಂಪು ಗ್ರೀನ್ ಟೀಯಿಂದ ಮುಕ್ಕಳಿಸಿತು, ಇನ್ನೊಂದು ಬರೀ ನೀರಿನಿಂದ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ಗುಂಪುಗಳ ನಡುವೆ ಖಚಿತ ಎನ್ನಬಹುದಾದ ವ್ಯತ್ಯಾಸ ಸಿಗಲಿಲ್ಲ. ಇದೇ ವಸ್ತು ಪ್ರಯೋಗಾಲಯದಲ್ಲಿ ಫ್ಲೂ ವೈರಸ್ಸನ್ನು ಚೆನ್ನಾಗಿ ತಡೆಯುತ್ತದೆ ಎಂಬುದನ್ನು ನೆನಪಿಸಿಕೊಂಡು ಈ ಫಲಿತಾಂಶವನ್ನು ಓದಬೇಕು.

ಪ್ರಯೋಗಾಲಯದ ತಟ್ಟೆಯಲ್ಲಿ ಸತ್ತರೆ ಸಾಕೇ

ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸಾಯಿಸುವುದು ಕಷ್ಟದ ಕೆಲಸವೇ ಅಲ್ಲ. ಉಪ್ಪು ಸಾಯಿಸುತ್ತದೆ, ವಿನೆಗರ್ ಸಾಯಿಸುತ್ತದೆ, ಬ್ಲೀಚ್ ಅಂತೂ ಎಲ್ಲವನ್ನೂ ಸಾಯಿಸುತ್ತದೆ. ನಮ್ಮ ಜೀವಕೋಶಗಳನ್ನು ಬಿಟ್ಟು ರೋಗಾಣುವನ್ನು ಮಾತ್ರ ಸಾಯಿಸುವುದು ಕಷ್ಟ. ಆಂಟಿಬಯೋಟಿಕ್‌ಗಳ ಹೆಚ್ಚುಗಾರಿಕೆ ಇರುವುದು ಅಲ್ಲಿ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕಿಣ್ವವನ್ನು ಹಿಡಿಯುತ್ತದೆ. ನಮ್ಮ ಕೋಶಗಳಿಗೆ ಅಂಥ ಭಿತ್ತಿಯೇ ಇಲ್ಲ.

ಚಹಾದ ಕ್ಯಾಟೆಚಿನ್‌ಗಳಲ್ಲಿ ಇನ್ನೊಂದು ಮೋಸ ಹೋಗುವ ಜಾಗ ಇದೆ. ಬ್ಯಾಕ್ಟೀರಿಯಾ ಬೆಳೆಸುವ ದ್ರಾವಣದಲ್ಲಿ ಕ್ಯಾಟೆಚಿನ್‌ಗಳು ಆಮ್ಲಜನಕದೊಂದಿಗೆ ವರ್ತಿಸಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಗಾಯ ತೊಳೆಯಲು ಬಳಸುವ ಅದೇ ಪೆರಾಕ್ಸೈಡ್. ಹಾಗಾಗಿ ಕೆಲವು ಪ್ರಯೋಗಗಳಲ್ಲಿ ಕೊಂದದ್ದು ಕ್ಯಾಟೆಚಿನ್ನೋ ಪೆರಾಕ್ಸೈಡೋ ಎಂದು ಬಿಡಿಸಿ ನೋಡಬೇಕಾಗುತ್ತದೆ. ದೇಹದೊಳಗೆ ಪೆರಾಕ್ಸೈಡನ್ನು ಒಡೆಯುವ ಕಿಣ್ವಗಳು ಬೇಕಾದಷ್ಟಿವೆ. ತಟ್ಟೆಯಲ್ಲಿ ಕಂಡದ್ದು ದೇಹದಲ್ಲಿ ಕಾಣದೆ ಹೋಗಲು ಇದೂ ಒಂದು ಕಾರಣ.

ಅರಿಶಿನದ ಕರ್ಕ್ಯುಮಿನ್ ಕತೆ ಇದಕ್ಕಿಂತ ಕಷ್ಟದ್ದು. ನೀರಲ್ಲಿ ಕರಗುವುದಿಲ್ಲ, ಕರುಳಿನಿಂದ ಒಳಗೆ ಹೋಗುವುದು ಅತಿ ಕಡಿಮೆ, ಹೋದದ್ದೂ ಬೇಗ ಒಡೆಯುತ್ತದೆ. ಜೊತೆಗೆ ಅದು ಸಿಕ್ಕಸಿಕ್ಕ ಪ್ರೋಟೀನ್‌ಗೆಲ್ಲ ಅಂಟಿಕೊಳ್ಳುವುದರಿಂದ ಯಾವ ಪರೀಕ್ಷೆ ಮಾಡಿದರೂ "ಕೆಲಸ ಮಾಡುತ್ತಿದೆ" ಎಂದು ತೋರುತ್ತದೆ. ಔಷಧ ರಸಾಯನ ವಿಜ್ಞಾನಿಗಳು 2017ರ ಒಂದು ದೊಡ್ಡ ವಿಮರ್ಶೆಯಲ್ಲಿ ಇದನ್ನು ಎಳೆ ಎಳೆಯಾಗಿ ಬಿಡಿಸಿ, ಎಚ್ಚರಿಕೆಯಿಂದ ಓದಿ ಎಂದು ಹೇಳಿದರು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಒಂದು ವಸ್ತುವಿನ ಮೇಲೆ ಸಾವಿರಾರು ಪ್ರಬಂಧಗಳಿವೆ ಎಂದ ಮಾತ್ರಕ್ಕೆ ಅದು ರೋಗಿಗೆ ಕೆಲಸ ಮಾಡುತ್ತದೆ ಎಂದಾಗುವುದಿಲ್ಲ.

ಬೆಳ್ಳುಳ್ಳಿಯಲ್ಲಿ ಕೆಲಸ ಮಾಡುವುದು ಅಲಿಸಿನ್. ಇಡೀ ಎಸಳಿನಲ್ಲಿ ಅದು ಇರುವುದೇ ಇಲ್ಲ. ಜಜ್ಜಿದಾಗ ಅಲಿನ್ ಎಂಬ ವಸ್ತುವೂ ಅಲಿನೇಸ್ ಎಂಬ ಕಿಣ್ವವೂ ಬೆರೆತು ಆ ಕ್ಷಣದಲ್ಲಿ ಹುಟ್ಟುತ್ತದೆ. ಇಡೀ ಎಸಳನ್ನು ಮೊದಲೇ ಬೇಯಿಸಿದರೆ ಕಿಣ್ವ ಸತ್ತು ಅಲಿಸಿನ್ ಹುಟ್ಟುವುದಿಲ್ಲ. ಹುಟ್ಟಿದ ಅಲಿಸಿನ್ನೂ ಬಹಳ ಹೊತ್ತು ನಿಲ್ಲುವುದಿಲ್ಲ. ರಕ್ತದಲ್ಲಂತೂ ಸಿಗುವುದೇ ಇಲ್ಲ ಎನ್ನಬಹುದು. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟಿ ಸುಟ್ಟ ಗಾಯ ಮಾಡಿಕೊಂಡವರ ವರದಿಗಳು ವೈದ್ಯ ಪತ್ರಿಕೆಗಳಲ್ಲಿ ಹಲವಾರಿವೆ. ಮಕ್ಕಳಿಗೆ ಖಂಡಿತ ಮಾಡಬೇಡಿ.

ಲವಂಗದ ಯೂಜಿನಾಲ್, ಅಜವಾನದ ಥೈಮಾಲ್ ಮಾತ್ರ ತಮ್ಮ ಜಾಗ ಕಂಡುಕೊಂಡಿವೆ. ಯೂಜಿನಾಲನ್ನು ದಂತವೈದ್ಯರು ಸತು ಆಕ್ಸೈಡ್ ಜೊತೆ ಬೆರೆಸಿ ತಾತ್ಕಾಲಿಕವಾಗಿ ಹಲ್ಲು ತುಂಬಲು ಬಳಸುತ್ತಾರೆ. ಥೈಮಾಲ್ ಮೌತ್‌ವಾಶ್‌ಗಳಲ್ಲಿದೆ. ಎರಡೂ ಬಾಯಿಯಲ್ಲೇ ಕೆಲಸ ಮಾಡುತ್ತವೆ, ರಕ್ತಕ್ಕೆ ಹೋಗಬೇಕಿಲ್ಲ. ಹಾಗೆಂದು ಲವಂಗದ ಎಣ್ಣೆ ಕುಡಿಯುವಂತಿಲ್ಲ, ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ಯಕೃತ್ತು ಕೆಡಬಹುದು. ಟೀ ಟ್ರೀ ಆಯಿಲ್ ಕೂಡ ಹಾಗೆಯೇ. ಅದಕ್ಕೂ ಚಹಾ ಗಿಡಕ್ಕೂ ಸಂಬಂಧವೇ ಇಲ್ಲ. ಅದು ಆಸ್ಟ್ರೇಲಿಯಾದ ಮೆಲಲ್ಯೂಕಾ ಮರದ ಎಣ್ಣೆ. ಚರ್ಮಕ್ಕೆ ತೆಳುಮಾಡಿ ಹಚ್ಚುತ್ತಾರೆ, ಹೊಟ್ಟೆಗೆ ಹೋದರೆ ವಿಷ.

ಕ್ರ್ಯಾನ್‌ಬೆರಿ ಎಂಬ ಹುಳಿ ಹಣ್ಣಿಗೆ ನಾನು ಸ್ವಲ್ಪ ಹೆಚ್ಚು ಗೌರವ ಕೊಡುತ್ತೇನೆ. ಅದು ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಮುಖ್ಯವಾಗಿ, ಇ. ಕೋಲಿ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳದಂತೆ ಮಾಡುತ್ತದೆ ಎಂದು ತಿಳಿಯಲಾಗಿದೆ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 50 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತು. ಪದೇ ಪದೇ ಮೂತ್ರದ ಸೋಂಕು ಬರುವ ಹೆಂಗಸರಲ್ಲಿ ಕ್ರ್ಯಾನ್‌ಬೆರಿ ಉತ್ಪನ್ನಗಳು ಆ ಸಾಧ್ಯತೆಯನ್ನು ಸುಮಾರು ಕಾಲುಭಾಗ ಇಳಿಸುತ್ತವೆ ಎಂದು ಕಂಡಿತು. ಇದು ಬರದಂತೆ ತಡೆಯುವ ಮಾತು. ಬಂದುಬಿಟ್ಟ ಸೋಂಕನ್ನು ಅದು ವಾಸಿಮಾಡುವುದಿಲ್ಲ.

ಗಿಡದಿಂದ ಔಷಧಿ ಆಗುವುದು ಹೇಗೆ

ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಔಷಧಿ ಇದಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ. ಚೀನಾದ ವಿಜ್ಞಾನಿ ಟು ಯೂಯೂ 1970ರ ದಶಕದ ಶುರುವಿನಲ್ಲಿ ಹಳೆಯ ವೈದ್ಯ ಗ್ರಂಥಗಳನ್ನು ಹುಡುಕುತ್ತಿದ್ದರು. ಆರ್ಟೆಮಿಸಿಯಾ ಆನುವಾ ಎಂಬ ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಬರೆದ ಗ್ರಂಥದಲ್ಲಿ, ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕು ಎಂದಿತ್ತು. ಕುದಿಸುವ ಮಾತೇ ಇರಲಿಲ್ಲ. ಹಾಗಾದರೆ ಬಿಸಿಗೆ ಔಷಧಿ ಗುಣ ಹಾಳಾಗುತ್ತಿದೆಯೇ ಎಂದು ಅವರಿಗೆ ಹೊಳೆಯಿತು. ಕಡಿಮೆ ಶಾಖದಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. ಅದು ಇಲಿ ಮತ್ತು ಮಂಗಗಳಲ್ಲಿ ಮಲೇರಿಯಾ ಪರಾವಲಂಬಿಯನ್ನು ಸಂಪೂರ್ಣ ತೊಡೆದುಹಾಕಿತು. ರೋಗಿಗಳಿಗೆ ಕೊಡುವ ಮೊದಲು ಅವರು ಮತ್ತು ಸಹೋದ್ಯೋಗಿಗಳು ತಾವೇ ತೆಗೆದುಕೊಂಡು ನೋಡಿದರು. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಹಳೆಯ ಗ್ರಂಥದ ಒಂದು ಸಾಲು ದಾರಿ ತೋರಿಸಿತು. ಆದರೆ ಜೀವ ಉಳಿಸಿದ್ದು ಅದರಿಂದ ಬೇರ್ಪಡಿಸಿದ ಅಣು, ಅಳತೆ ಮಾಡಿದ ಪ್ರಮಾಣ, ಅಣುವನ್ನು ಬದಲಾಯಿಸಿ ಮಾಡಿದ ಇನ್ನೂ ಉತ್ತಮ ರೂಪಗಳು, ಜೊತೆಗೆ ಕೊಡುವ ಇನ್ನೊಂದು ಔಷಧಿ. ಅದೇ ಗಿಡದ ಎಲೆಯನ್ನು ಚಹಾದಂತೆ ನೆನೆಸಿ ಕುಡಿದರೆ ಮಲೇರಿಯಾ ಹೋಗುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಬೇಡ ಎಂದಿತು. ಆರ್ಟೆಮಿಸಿನಿನ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಪ್ರತಿ ಕಪ್ಪಿನಲ್ಲೂ ಪ್ರಮಾಣ ಬೇರೆ. ಅರೆಬರೆ ಪ್ರಮಾಣ ಸಿಕ್ಕಿದ ಪರಾವಲಂಬಿ ಬದುಕಿ ಉಳಿದು ಔಷಧಿಗೆ ಒಗ್ಗಿಕೊಳ್ಳುವ ಅಪಾಯವೂ ಇದೆ. "ನೈಸರ್ಗಿಕ ವಸ್ತುವಿಗೆ ರೋಗಾಣುಗಳು ನಿರೋಧ ಬೆಳೆಸಿಕೊಳ್ಳುವುದಿಲ್ಲ" ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದು ತಪ್ಪು. ಗಿಡದಿಂದಲೇ ಬಂದ ಆರ್ಟೆಮಿಸಿನಿನ್‌ಗೆ ಭಾಗಶಃ ನಿರೋಧ 2008ರ ಹೊತ್ತಿಗೇ ಪಶ್ಚಿಮ ಕಾಂಬೋಡಿಯಾದಿಂದ ವರದಿಯಾಗಿತ್ತು.

ಸಂಶೋಧಕರು ಇನ್ನೂ ಗಿಡಗಳತ್ತ ನೋಡುತ್ತಿರುವುದಕ್ಕೆ ಒಂದು ಸೊಗಸಾದ ಕಾರಣ ಇದೆ. ಬರ್ಬೆರಿಸ್ ಜಾತಿಯ ಗಿಡಗಳಲ್ಲಿ ಬರ್ಬೆರಿನ್ ಎಂಬ ಹಳದಿ ವಸ್ತು ಇರುತ್ತದೆ. ಸ್ಟ್ಯಾಫಿಲೊಕಾಕಸ್ ಅದನ್ನು ಒಳಗೆ ಬಂದ ಹಾಗೇ ಹೊರಗೆ ದೂಡುತ್ತದೆ. ಅದರ ಪೊರೆಯಲ್ಲಿ ನಾರ್‌ಎ ಎಂಬ ಪಂಪ್ ಇದೆ. ಹಾಗಾದರೆ ಗಿಡ ಸೋತಿತೇ? 2000ದಲ್ಲಿ ವಿಜ್ಞಾನಿಗಳು ಅದೇ ಗಿಡಗಳಲ್ಲಿ ಇನ್ನೊಂದು ವಸ್ತುವನ್ನು ಕಂಡುಹಿಡಿದರು. ಅದಕ್ಕೆ ತಾನಾಗಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇಲ್ಲ. ಅದು ಮಾಡುವುದು ಒಂದೇ, ಆ ಪಂಪನ್ನು ನಿಲ್ಲಿಸುತ್ತದೆ. ಆಗ ಬರ್ಬೆರಿನ್ ಒಳಗೇ ಉಳಿದು ಕೆಲಸ ಮಾಡುತ್ತದೆ. ಒಂದು ಗಿಡ ಎರಡು ಅಣುಗಳನ್ನು ಜೊತೆ ಮಾಡಿ ಬ್ಯಾಕ್ಟೀರಿಯಾದ ನಿರೋಧವನ್ನು ಮುರಿಯುತ್ತದೆ ಎಂಬುದು ನನಗಂತೂ ಬೆರಗು ಹುಟ್ಟಿಸುತ್ತದೆ. ಒಂಟಿ ಅಣುವನ್ನು ಮಾತ್ರ ತೆಗೆದು ಪರೀಕ್ಷಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಚಹಾದಲ್ಲೂ ಇಂಥದ್ದೇ ಒಂದು ಸಾಧ್ಯತೆ ಇದೆ. ಎಂಆರ್‌ಎಸ್‌ಎ ಎಂದು ಕರೆಯುವ ನಿರೋಧಕ ಸ್ಟ್ಯಾಫಿಲೊಕಾಕಸ್‌ಗೆ ಆಕ್ಸಾಸಿಲಿನ್ ಎಂಬ ಆಂಟಿಬಯೋಟಿಕ್ ನಾಟುವುದಿಲ್ಲ. ಆದರೆ ಎಪಿಕ್ಯಾಟೆಚಿನ್ ಗ್ಯಾಲೇಟ್ ಎಂಬ ಚಹಾದ ಇನ್ನೊಂದು ಕ್ಯಾಟೆಚಿನ್ ಜೊತೆ ಸೇರಿಸಿದರೆ ಪ್ರಯೋಗಾಲಯದಲ್ಲಿ ಮತ್ತೆ ನಾಟುತ್ತದೆ, ಅದೂ ತುಂಬಾ ಕಡಿಮೆ ಪ್ರಮಾಣದಲ್ಲಿ. ಹಳೆಯ ಆಂಟಿಬಯೋಟಿಕ್‌ಗಳಿಗೆ ಮತ್ತೆ ಜೀವ ತುಂಬುವ ದಾರಿ ಇದು ಆಗಬಹುದೇ ಎಂಬ ಹುಡುಕಾಟ ನಡೆದಿದೆ. 2019ರ ಒಂದೇ ವರ್ಷದಲ್ಲಿ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಹಾಗಾಗಿ ಈ ಹುಡುಕಾಟ ಬಹಳ ಬೇಕಾದದ್ದು. ಸದ್ಯಕ್ಕೆ ಅದು ಪ್ರಯೋಗಾಲಯದ ಮಾತು. ಮಾತ್ರೆ ಜೊತೆ ಒಂದು ಕಪ್ ಚಹಾ ಕುಡಿದರೆ ಅದೇ ಆಗುತ್ತದೆ ಎಂದುಕೊಳ್ಳಬೇಡಿ.

ಹಾಗಾದರೆ ಗಂಟಲು ನೋವು ಬಂದಾಗ ಏನು ಮಾಡಬೇಕು

ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ. ಅದಕ್ಕೆ ಆಂಟಿಬಯೋಟಿಕ್ ಕೂಡ ಪ್ರಯೋಜನ ಇಲ್ಲ. ಬಿಸಿ ಚಹಾ ಗಂಟಲಿಗೆ ಹಿತ ಕೊಡುತ್ತದೆ, ನೀರಿನಂಶ ಸೇರುತ್ತದೆ. ಆರಾಮಾಗಿ ಕುಡಿಯಿರಿ. ಕೆಲವು ದಿನಗಳಲ್ಲಿ ತಾನಾಗೇ ಕಮ್ಮಿಯಾಗುತ್ತದೆ.

ಆದರೆ ಕೆಲವು ಸಲ, ಅದರಲ್ಲೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ಅದು ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾ ಆಗಿರುತ್ತದೆ. ಕೆಮ್ಮು, ನೆಗಡಿ ಇಲ್ಲದೆ ಜ್ವರ, ಕುತ್ತಿಗೆಯಲ್ಲಿ ನೋಯುವ ಗಂಟು, ಟಾನ್ಸಿಲ್ ಮೇಲೆ ಬಿಳಿ ಕಲೆ ಇದ್ದರೆ ವೈದ್ಯರಿಗೆ ಆ ಅನುಮಾನ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಕೆಲವರಿಗೆ ಮುಂದೆ ರುಮಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಹಾಳಾಗುತ್ತವೆ. ಗಂಟಲು ನೋವು ಶುರುವಾದ 9 ದಿನಗಳೊಳಗೆ ಸರಿಯಾದ ಆಂಟಿಬಯೋಟಿಕ್ ಶುರು ಮಾಡಿದರೆ ಇದನ್ನು ತಪ್ಪಿಸಬಹುದು. ಆ ದಿನಗಳನ್ನು ಚಹಾ ಕುಡಿದು ಕಳೆದುಬಿಟ್ಟರೆ ಮಗು ಜೀವನವಿಡೀ ಅದರ ಬೆಲೆ ತೆರಬೇಕಾಗಬಹುದು. ನುಂಗಲು ಆಗದಿದ್ದರೆ, ಉಸಿರಾಡಲು ಕಷ್ಟವಾದರೆ, ಬಾಯಿ ತೆರೆಯಲು ಆಗದಿದ್ದರೆ ಅವತ್ತೇ ಹೋಗಿ. ಮೂತ್ರದ ಉರಿ ಜೊತೆ ಜ್ವರ, ಬೆನ್ನು ನೋವು ಬಂದರೂ ಹಾಗೆಯೇ.

ಆಂಟಿಬಯೋಟಿಕ್ ಶುರುವಾದ ಮೇಲೆ ಚಹಾ ಕುಡಿಯಬಹುದಾ ಎಂಬುದು ಇದರ ಹಿಂದೆಯೇ ಬರುವ ಪ್ರಶ್ನೆ. ಕುಡಿಯಬಹುದು, ಆದರೆ ಮಾತ್ರೆಯನ್ನು ನೀರಿನಲ್ಲೇ ನುಂಗಿ. ಸಿಪ್ರೊಫ್ಲಾಕ್ಸಾಸಿನ್ ಮತ್ತು ಟೆಟ್ರಾಸೈಕ್ಲಿನ್ ಗುಂಪಿನ ಮಾತ್ರೆಗಳು ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಂಡರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಹಾಗಾಗಿ ಹಾಲು ಹಾಕಿದ ಚಹಾಕ್ಕೂ ಈ ಮಾತ್ರೆಗಳಿಗೂ ನಡುವೆ ಒಂದೆರಡು ಗಂಟೆ ಅಂತರ ಇರಲಿ. ಸಿಪ್ರೊಫ್ಲಾಕ್ಸಾಸಿನ್ ದೇಹದಿಂದ ಕೆಫೀನ್ ಹೊರಹೋಗುವುದನ್ನೂ ನಿಧಾನ ಮಾಡುತ್ತದೆ. ಮಾಮೂಲಿ ಕುಡಿಯುವಷ್ಟೇ ಚಹಾ ಕುಡಿದರೂ ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ಆಗಬಹುದು. ಆ ಮಾತ್ರೆ ಮುಗಿಯುವ ತನಕ ಕಪ್ ಕಮ್ಮಿ ಮಾಡಿ. ಕಬ್ಬಿಣದ ಮಾತ್ರೆಯನ್ನು ಚಹಾ ಜೊತೆ ತೆಗೆದುಕೊಳ್ಳಬೇಡಿ, ಕಬ್ಬಿಣ ಒಳಗೆ ಸೇರುವುದು ಕಡಿಮೆಯಾಗುತ್ತದೆ. ರಕ್ತದೊತ್ತಡಕ್ಕೆ ನಾಡೊಲಾಲ್ ತೆಗೆದುಕೊಳ್ಳುವವರಲ್ಲಿ ಗ್ರೀನ್ ಟೀ ಆ ಔಷಧಿಯ ಮಟ್ಟವನ್ನು ತುಂಬಾ ಇಳಿಸಬಲ್ಲದು. ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಿಗೆ ಇಜಿಸಿಜಿ ನೇರವಾಗಿ ಅಂಟಿಕೊಂಡು ಅದರ ಕೆಲಸ ಕೆಡಿಸುವುದು ಪ್ರಯೋಗಾಲಯದಲ್ಲಿ ಮತ್ತು ಇಲಿಗಳಲ್ಲಿ ಕಂಡಿದೆ. ಈ ಎರಡರಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಗ್ರೀನ್ ಟೀ ಮತ್ತು ಅದರ ಕ್ಯಾಪ್ಸೂಲ್ ಬಗ್ಗೆ ನಿಮ್ಮ ವೈದ್ಯರಿಗೆ ನೀವೇ ಮೊದಲು ಹೇಳಿ. ಅವರು ಕೇಳದೇ ಇರಬಹುದು.